ಕೆಳಗಿನ ತುದಿಯ ನೀರು

ಕರಿಹಾಳ, ಹುನಗುಂದ ತಾಲೂಕು
14 ಜೂನ್ 2025

ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವ ಶಿವಗಂಗಾ ಅವರಿಗೆ,

ನಾನು ಅಮಸಿದ್ದಪ್ಪ. ನಮ್ಮ ಹಳ್ಳದ ದಂಡೆಯಲ್ಲಿ ಸರಕಾರ ನೆಟ್ಟ ಅಳತೆ ಕಂಬವನ್ನು ಮೂವತ್ತೊಂದು ವರ್ಷ, ದಿನಾ ಮುಂಜಾನೆ ಎಂಟಕ್ಕೆ ಓದಿ, ನೀರಿನ ಮಟ್ಟ ಬರೆದು ಕಳಿಸಿದವನು. ನಿಮ್ಮ ತಂದೆ ಅಂದಾನಪ್ಪನವರು ನನ್ನ ಸಾಹೇಬರು. ನೀವು ಸಣ್ಣವರಿದ್ದಾಗ ಅವರ ಜೀಪಿನಲ್ಲಿ ಬಂದು ನಮ್ಮ ಕುರಿಮರಿಗಳ ಜೊತೆ ಆಡಿದ್ದೀರಿ. ಆ ಸಲಿಗೆ ಹಿಡಿದು ಏನಾದರೂ ಬೇಡಲು ಬರೆಯುತ್ತಿದ್ದೇನೆಂದು ತಿಳಿಯಬೇಡಿ.

ಮೊನ್ನೆ ಪಂಚಾಯ್ತಿಯಲ್ಲಿ ಹೊಸ ಸೇತುವೆಯ ಸಭೆ ಇತ್ತು. ಗುತ್ತಿಗೆದಾರರ ಕಡೆಯವರು ಗೋಡೆಯ ಮೇಲೆ ಚಿತ್ರ ಓಡಿಸಿದರು. ನಮ್ಮ ಹಳ್ಳಕ್ಕೆ ಮಹಾಪೂರ ಬಂತು, ಸೇತುವೆಯ ಆರು ಕಂಡಿಯೊಳಗೆ ಸಾಲಿ ಮಕ್ಕಳ ಹಾಗೆ ಸಾಲುಗಟ್ಟಿ ಹೊಕ್ಕಿತು, ಬೀರಪ್ಪನ ಗುಡಿ ದಾಟಿ ಹೊರಟುಹೋಯಿತು. ಸೇತುವೆಗಿಂತ ಮೇಲೆ, ನೀರು ಬರುವ ಕಡೆ ಇರುವ ಕೆಳಗಿನ ಓಣಿಯಲ್ಲಿ ಒಂದು ಹೊಸ್ತಿಲೂ ತೋಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕೊನೆಗೆ, ಲೆಕ್ಕ ಹಾಕಿದವರು ಎಂದು ನಿಮ್ಮ ಹೆಸರು ಬಂತು. ನಾನು ಚಪ್ಪಾಳೆ ತಟ್ಟಲಿಲ್ಲ.

ಎದ್ದು ನಿಂತು ಕೇಳಿದೆ: “ಗುಡಿ ದಾಟಿ ಆ ನೀರು ಎಲ್ಲಿಗೆ ಹೋತ್ರಿ?”

“ಅಲ್ಲಿಗೆ ಚಿತ್ರ ಮುಗಿತೈತ್ರಿ ಯಜಮಾನ್ರ,” ಅಂದರು ಅವರು. ಎಲ್ಲರೂ ನಕ್ಕರು.

ಚಿತ್ರ ಮುಗಿಯಬಹುದು, ಹಳ್ಳ ಮುಗಿಯುವುದಿಲ್ಲ. ಅದರ ಆಚೆ ಮಲಪ್ರಭಾ ಹೊಳೆ ಇದೆ. 2009ರ ನೆರೆಯಲ್ಲಿ ಆ ಗುಡಿಯ ಹತ್ತಿರ ನಾನು 5.65 ಮೀಟರ್ ಬರೆದೆ. ನಿಮ್ಮ ತಂದೆ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಸುಳ್ಳು ಬರೆದಿದ್ದಾನೆಂದು ನನ್ನನ್ನು ಮೂರು ತಿಂಗಳು ಕೆಲಸದಿಂದ ಹೊರಗಿಟ್ಟರು. ಈಗ ಅವರ ಮಗಳು ಅದೇ ನೀರನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದಾಳೋ ಎಂಬುದು ನನ್ನ ಒಂದನೆಯ ಸಂಶಯ. ಹಾಗೆ ಅಳಿಸೆಂದು ಯಾರಾದರೂ ಹೇಳಿದರೋ ಎಂಬುದು ಎರಡನೆಯದು. ಕೆಳಗಿನ ತುದಿಯಲ್ಲಿ ನೀರಿಗೆ ನೀವು ಏನು ಹೇಳಿಕೊಟ್ಟಿದ್ದೀರಿ, ಬರೆದು ತಿಳಿಸಬೇಕು.

ಫೋನ್ ಮಾಡಬೇಡಿ. ಫೋನಿನಲ್ಲಿ ಆಡಿದ್ದನ್ನು ನಾಳೆ ಆಡಿಲ್ಲ ಎನ್ನಬಹುದು.

ಉತ್ತರ ಬರುವ ಭರವಸೆ ಇಲ್ಲದೆ,
ಅಮಸಿದ್ದಪ್ಪ
(ಈ ಪತ್ರದ ಕಾರ್ಬನ್ ಪ್ರತಿ ನನ್ನಲ್ಲಿದೆ.)

*

ಬಾಗಲಕೋಟೆ
27 ಜೂನ್ 2025

ಮಾನ್ಯ ಅಮಸಿದ್ದಪ್ಪನವರಿಗೆ,

ನಮಸ್ಕಾರ. ನಿಮ್ಮ ರಿಜಿಸ್ಟರ್ ಪತ್ರ ತಲುಪಿತು. ಇಡೀ ಹಳ್ಳವನ್ನು, ಹೊಳೆಯನ್ನು ಕಂಪ್ಯೂಟರಿನೊಳಗೆ ತುಂಬಲಾಗದು. ನಮಗೆ ಬೇಕಾದ ಒಂದು ತುಂಡನ್ನು ಕತ್ತರಿಸಿಕೊಳ್ಳುತ್ತೇವೆ. ಕತ್ತರಿಸಿದ ಮೇಲಿನ ತುದಿಯಲ್ಲಿ ಎಷ್ಟು ನೀರು ಒಳಗೆ ಬರುತ್ತದೆ, ಕೆಳಗಿನ ತುದಿಯಲ್ಲಿ ಅದು ಹೇಗೆ ಹೊರಗೆ ಹೋಗುತ್ತದೆ ಎಂಬುದನ್ನು ನಾವೇ ಹೇಳಿಕೊಡಬೇಕು. ಇವನ್ನು ಗಡಿ ಷರತ್ತು ಎನ್ನುತ್ತಾರೆ. ನಡುವಿನ ಲೆಕ್ಕ ಮಾತ್ರ ಯಂತ್ರದ್ದು.

ನನ್ನ ತುಂಡಿನ ಕೆಳಗಿನ ಅಂಚು ನಿಮ್ಮ ಬೀರಪ್ಪನ ಗುಡಿ. ಅಲ್ಲಿ ಹಳ್ಳದ ಇಳಿಜಾರಿಗೆ ತಕ್ಕಂತೆ ನೀರು ತಡೆಯಿಲ್ಲದೆ ಹೊರಡುತ್ತದೆ ಎಂದು ಕೊಟ್ಟಿದ್ದೇನೆ. ಇಲಾಖೆಯ ದಾಖಲೆಯಲ್ಲಿ ಅಲ್ಲಿನ ಅತಿ ಹೆಚ್ಚಿನ ಮಟ್ಟ 3.10. ಅಷ್ಟಕ್ಕೆ ನನ್ನ ಆಯ್ಕೆ ಸರಿಯಾಗಿ ಹೊಂದುತ್ತದೆ. 5.65 ಎಂಬುದು ತಿರಸ್ಕೃತ ಅಂಕಿ. ಕಂಬದ ಎತ್ತರವೇ ಐದು ಮೀಟರ್. ಮುಳುಗಿದ ಕಂಬದ ಮೇಲೆ ಅರವತ್ತೈದು ಸೆಂಟಿಮೀಟರನ್ನು ಯಾರಾದರೂ ಹೇಗೆ ಓದುತ್ತಾರೆ?

ನನಗೆ ಯಾರೂ ಏನೂ ಹೇಳಿಲ್ಲ. ಸಂಶಯ ನಿಮಗೊಬ್ಬರಿಗೇ ಬರುವುದಿಲ್ಲ ಎಂದೂ ತಿಳಿಸಬೇಕಾಗಿದೆ. ಸೇತುವೆಯ ರಸ್ತೆಗೆ ಹಾಕುವ ಮಣ್ಣಿನ ಏರಿ ನಿಮ್ಮ ಅರ್ಧ ಎಕರೆ ಹೊಲದ ಮೇಲೆ ಹಾಯುತ್ತದೆ ಎಂದು ನಕ್ಷೆಯಲ್ಲಿ ಕಂಡೆ. ನೆರೆಯ ಮಾತು ತೆಗೆದರೆ ರಸ್ತೆ ಬೇರೆ ಕಡೆ ತಿರುಗಬಹುದಲ್ಲವೇ?

ತಮ್ಮ ವಿಶ್ವಾಸಿ ಎಂದು ಬರೆಯುವ ವಾಡಿಕೆ ಇದೆ. ಸದ್ಯ ಹೆಸರಷ್ಟೇ ಸಾಕು,
ಶಿವಗಂಗಾ

*

ಕರಿಹಾಳ
9 ಜುಲೈ 2025

ಶಿವಗಂಗಾ ಅವರಿಗೆ,

ಆ ಅರ್ಧ ಎಕರೆಗೆ ಒಪ್ಪಿಗೆ ಸಹಿ ಹಾಕಿದವರಲ್ಲಿ ಮೊದಲನೆಯವನು ನಾನು. ಪಂಚಾಯ್ತಿಯಲ್ಲಿ ಕಾಗದ ಇದೆ, ತರಿಸಿಕೊಂಡು ನೋಡಿ. ನನ್ನ ಮನೆ ಮೇಲಿನ ಓಣಿಯಲ್ಲಿದೆ. ಯಾವ ನೆರೆ ಬಂದರೂ ನನ್ನ ಹಟ್ಟಿಯ ಕುರಿಗಳ ಗೊರಸೂ ತೋಯುವುದಿಲ್ಲ. ಕೆಳಗಿನ ಓಣಿಯಲ್ಲಿ ಮೂವತ್ತೊಂದು ಮನೆಗಳಿವೆ. ಹಳ್ಳದಿಂದ ಎರಡನೆಯದು ಗುಲಾಬಬಿಯದು. ಆಕೆ ಹಾಸಿಗೆ ಹಿಡಿದು ನಾಲ್ಕು ವರ್ಷವಾಯಿತು. ನೀರು ಬಂದರೆ ಅವಳನ್ನು ಹೊತ್ತು ತರಬೇಕು.

ಮುಳುಗಿದ ಕಂಬವನ್ನು ಹೇಗೆ ಓದಿದೆ ಎಂದು ಕೇಳಿದ್ದೀರಿ. ನಿಮ್ಮ ತಂದೆಯೂ ಇದನ್ನೇ ಕೇಳಿದ್ದರು, ಆದರೆ ಉತ್ತರ ಕೇಳಿಸಿಕೊಳ್ಳಲಿಲ್ಲ. ನೀವು ಕೇಳಿಸಿಕೊಳ್ಳಿ. ಕಂಬ ನೆಡುವಾಗ ಅದರ ತಲೆ ಗುಡಿಯ ಕಟ್ಟೆಗೆ ಸಮ ಬರುವಂತೆ ನೆಟ್ಟರು. ಕಲ್ಲು ಹೊತ್ತವನು ನಾನೇ. ಹೀಗಾಗಿ ಕಟ್ಟೆ ಎಂದರೆ ಐದು ಮೀಟರ್. ಅಕ್ಟೋಬರ್ ಐದನೆಯ ತಾರೀಕು ಮುಂಜಾನೆ ಎಂಟಕ್ಕೆ ನೀರು ಕಟ್ಟೆಯ ಮೇಲೆ ನನ್ನ ಮೂರು ಗೇಣು ನಿಂತಿತ್ತು. ನನ್ನ ಗೇಣು ಎಷ್ಟೆಂದು ನನಗೆ ಗೊತ್ತು.

ಮಳೆ ನಿಂತು ಎರಡು ದಿನವಾಗಿ ಬಿಸಿಲು ಬಿದ್ದಿತ್ತು. ಹಳ್ಳದ ಪೂರ ಇಳಿದು ಮುಗಿದಿತ್ತು. ಆದರೂ ನೀರು ಏರಿತು. ಒಂದು ಜೋಳದ ಕಣಕಿಯ ತುಂಡು ಎಸೆದು ನೋಡಿದೆ. ಅದು ಹೊಳೆಯ ಕಡೆ ಹೋಗಲಿಲ್ಲ, ಮೆಲ್ಲಗೆ ಊರಿನ ಕಡೆ ಬಂತು. ಹೊಳೆ ತುಂಬಿ, ಹಳ್ಳದ ಬಾಯಿಯಿಂದ ನೀರನ್ನು ಹಿಂದಕ್ಕೆ ನೂಕುತ್ತಿತ್ತು. ಆಗ ಎಡಗಡೆಯ ಬಯಲಿಗೆ ನೀರು ಹರಡಿಕೊಂಡಿದ್ದರಿಂದ ಓಣಿ ಉಳಿಯಿತು. ಈಗ ನಿಮ್ಮ ರಸ್ತೆಯ ಏರಿ ಆ ಬಯಲಿಗೆ ಬಾಗಿಲು ಹಾಕುತ್ತದೆ.

ನಿಮ್ಮ ತಂದೆ ನಾಲ್ಕು ದಿನ ಬಿಟ್ಟು ಬಂದರು. “ಮಳಿ ನಿಂತು ಎರಡು ದಿನ ಆದಮ್ಯಾಲ ಹಳ್ಳದಾಗ ಇಷ್ಟು ನೀರು ಎಲ್ಲಿಂದ ಬಂತಲೇ? ಮನ್ಯಾಗ ಕುಂತು ಬರದೀ ಹೌದಿಲ್ಲೋ?” ಅಂದರು. ಗೇಣಿನ ಮಾತು ತೆಗೆದೆ. “ಸರಕಾರದ ರಜಿಸ್ಟರಿನ್ಯಾಗ ಗೇಣು ನಡ್ಯಾಂಗಿಲ್ಲ,” ಅಂದರು. ಎಲ್ಲರೆದುರು ಅಂದರು. ಆ ಮೂರು ತಿಂಗಳು ನಾನು ಹೆಂಡತಿಯ ಹಿಂದೆ ಕುರಿ ಕಾಯಲು ಹೋಗುತ್ತಿದ್ದೆ. ಹಾದಿಯಲ್ಲಿ ಜನ ‘ಇವತ್ತ ಹಳ್ಳ ಎಷ್ಟೈತಿ?’ ಎಂದು ಕೇಳಿ ನಗುತ್ತಿದ್ದರು. ಆ ನಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ನೀರು ಗುಡಿಯ ಗೋಡೆ ಮುಟ್ಟಿದರೆ, ಅದು ನಿಂತಲ್ಲಿ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚುವುದು ನಮ್ಮ ರೂಢಿ. ಆ ದಿನದ ಗುರುತು ಇವತ್ತಿಗೂ ಇದೆ. ಫೋಟೋ ತೆಗೆಸಿ ಇದರೊಳಗೆ ಇಟ್ಟಿದ್ದೇನೆ.

ಫೋಟೋ ವಾಪಸು ಬರಬೇಕು,
ಅಮಸಿದ್ದಪ್ಪ
(ಕಾರ್ಬನ್ ಪ್ರತಿ ಇದೆ.)

*

ಬಾಗಲಕೋಟೆ
30 ಜುಲೈ 2025

ಮಾನ್ಯ ಅಮಸಿದ್ದಪ್ಪನವರಿಗೆ,

ಫೋಟೋ ನೋಡಿದೆ. ಬಿಳಿ ಗೋಡೆಯ ಮೇಲೆ ಹಳದಿ ಗುರುತು, ನಿನ್ನೆ ಹಚ್ಚಿದಂತೆ ಲಕಲಕ ಎನ್ನುತ್ತಿದೆ. ಹದಿನಾರು ವರ್ಷ ಬಿಸಿಲು ಮಳೆ ಕಂಡ ಅರಿಶಿನ ಹೀಗಿರುವುದಿಲ್ಲ. ಸುತ್ತಲಿನ ಸುಣ್ಣವೂ ಹೊಸದು. ಕ್ಷಮಿಸಿ, ಕಟುವಾಗಿ ಹೇಳುತ್ತಿದ್ದೇನೆ: ಇದು ಸಾಕ್ಷಿಯಲ್ಲ, ಬಣ್ಣ. ಬದುಕಿಲ್ಲದ ನನ್ನ ತಂದೆಯ ಮೇಲೆ ಇಷ್ಟು ವರ್ಷದ ಸಿಟ್ಟು ತೀರಿಸಿಕೊಳ್ಳಲು ನನ್ನನ್ನು ಬಳಸಬೇಡಿ. ಅವರು ಯಾರಿಗೂ ಅನ್ಯಾಯ ಮಾಡಿದವರಲ್ಲ. ಅವರು ಸತ್ತ ಮೇಲೂ ಬಾದಾಮಿಯಲ್ಲಿ ಜನ ನಮ್ಮ ತಾಯಿಯನ್ನು ‘ಖರೇ ಮನಶ್ಯಾನ ಹೆಂಡ್ತಿ’ ಎಂದು ಗುರುತಿಸುತ್ತಾರೆ.

ಬರೀ ಕುತೂಹಲಕ್ಕೆ ಕೆಳಗಿನ ಅಂಚಿನ ಷರತ್ತು ಬದಲಿಸಿ, ನೀರು ಅಲ್ಲಿ 5.65ಕ್ಕೆ ನಿಂತಿದೆ ಎಂದು ಕೊಟ್ಟು ಒಮ್ಮೆ ಓಡಿಸಿದೆ. ಅದರ ಫಲಿತಾಂಶಕ್ಕೆ ಅರ್ಥವಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಫೋಟೋ ಹಿಂದಿರುಗಿಸಿದೆ.
ಶಿವಗಂಗಾ

*

ಕರಿಹಾಳ
11 ಆಗಸ್ಟ್ 2025

ಶಿವಗಂಗಾ ಅವರಿಗೆ,

ಫಲಿತಾಂಶ ಬರೆಯಲಿಲ್ಲ ಎಂದರೆ ಓಣಿ ಮುಳುಗಿತು.

ಗುರುತನ್ನು ಕಣ್ಣಿನಿಂದ ನೋಡಬೇಡಿ. ಬಂದು ಬೆರಳಿನಿಂದ ಮುಟ್ಟಿ.

ಅಮಸಿದ್ದಪ್ಪ
(ಇದಕ್ಕೂ ಪ್ರತಿ ಇದೆ.)

*

ಬಾಗಲಕೋಟೆ
21 ಸೆಪ್ಟೆಂಬರ್ 2025

ಅಮಸಿದ್ದಪ್ಪ ಕಾಕಾ,

ಸಣ್ಣವಳಿದ್ದಾಗ ಹೀಗೇ ಕರೆಯುತ್ತಿದ್ದೆ, ಬೇಡವೆಂದರೆ ಬಿಡುತ್ತೇನೆ.

ಒಂದು ತಿಂಗಳ ಮೇಲೆ ನಿಮ್ಮ ಎರಡು ಸಾಲನ್ನು ಮೇಜಿನ ಮೇಲಿಟ್ಟುಕೊಂಡು ತಿರುಗಾಡಿದೆ. ಬೇರೆ ಅಂಕಿ, ಬೇರೆ ಇಳಿಜಾರು ಕೊಟ್ಟು ನೋಡಿದೆ. ಯಾವ ತಪ್ಪು ಷರತ್ತು ಕೊಟ್ಟರೂ ಯಂತ್ರ ತಕರಾರು ಮಾಡುವುದಿಲ್ಲ. ಪ್ರತಿ ಸಲವೂ ಅಷ್ಟೇ ಚಂದದ ನೀಲಿ ಚಿತ್ರ ಕೊಡುತ್ತದೆ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಮೊನ್ನೆ ನಮ್ಮ ವಿಭಾಗದಲ್ಲಿ ಸರ್ವೇ ಕಲಿಸುವ ಫಾರೂಕ ಅವರನ್ನು ಕರೆದುಕೊಂಡು ಕರಿಹಾಳಕ್ಕೆ ಬಂದಿದ್ದೆ. ನೀವು ಇಳಕಲ್ಲಿಗೆ ಹೋಗುವ ದಿನವನ್ನು ವಿಚಾರಿಸಿಕೊಂಡೇ ಬಂದೆ. ನೀವು ಪಕ್ಕದಲ್ಲಿ ನಿಂತು ಹೇಳಿಕೊಡುವುದು ನನಗೆ ಬೇಕಿರಲಿಲ್ಲ. ನಿಮ್ಮ ಮನೆಯ ಸೋಮವ್ವ ಚಿಗವ್ವ ಗುಡಿಯ ಹತ್ತಿರವೇ ಸಿಕ್ಕರು. “ಅಂದಾನಪ್ಪ ಸಾಹೇಬ್ರ ಮಗಳಲ್ಲೇನ ನೀ? ಅದೇ ಮೂಗು,” ಅಂದರು. “ನಮ್ಮವ್ರು ಊರಾಗ ಇಲ್ಲ. ನೋಡಿಕೊಂಡ ಬಂದೀ ಅನಸ್ತೈತಿ,” ಎಂದು ನಕ್ಕು ಮಜ್ಜಿಗೆ ಕೊಟ್ಟರು.

ಗುರುತಿನ ಮೇಲೆ ಬೆರಳಿಟ್ಟೆ. ಬೆರಳಿನ ತುದಿ ಒಳಗೆ ಇಳಿಯಿತು. ಗೋಡೆಯ ಸುಣ್ಣ ಸುತ್ತಲೂ ಅಂಚುಗಟ್ಟಿ ನಿಂತಿದೆ, ಅರಿಶಿನ ಅದರ ತಳದಲ್ಲಿದೆ. ಅಂಗೈ ಅಗಲದ ಗುಳಿ.

ಚಿಗವ್ವ ಹೇಳಿದರು: “ದೀಪಾವಳಿಗೊಮ್ಮೆ ಗುಡಿಗೆ ಸುಣ್ಣ ಹಚ್ಚತಾರ. ಆ ನೀರು ಮೊದಲ ಕಂಡವ್ರು ಗುರುತಿನ ಮ್ಯಾಲ ಅಂಗೈ ಇಟ್ಟು ನಿಂದರಬೇಕು. ಸುಣ್ಣ ಅವರ ಕೈ ಸುತ್ತ ಹೋಗ್ತೈತಿ. ಆಮ್ಯಾಲ ಹೊಸಾ ಭಂಡಾರ ಹಚ್ಚೂದು. ಹದಿನಾರು ವರ್ಷ ಆತು, ನಮ್ಮವ್ರು ಒಂದು ಸಲಾನೂ ತಪ್ಪಿಸಿಲ್ಲ. ಜ್ವರ ಬಂದಾಗನೂ ಹೋಗಿ ನಿಂತಿದ್ರು.”

ಫಾರೂಕ ಗುಳಿಯ ಅಂಚಿನಲ್ಲಿ ಸುಣ್ಣದ ಚಕ್ಕೆ ಎಬ್ಬಿಸಿ, ಅರಿಶಿನದ ತಳದಿಂದ ಮೇಲಿನ ಪದರುಗಳನ್ನು ಭೂತಗನ್ನಡಿಯಲ್ಲಿ ಎಣಿಸಿದರು. ಹದಿನಾರು. ದುರ್ಬೀನಿಟ್ಟು ಮಟ್ಟ ನೋಡಿದರು. ಗುರುತಿನ ನಡುಮಧ್ಯ 5.63. ನಿಮ್ಮ ಗೇಣಿಗೂ ಸರಕಾರದ ಮೀಟರಿಗೂ ಎರಡು ಸೆಂಟಿಮೀಟರ್ ವ್ಯತ್ಯಾಸ.

ನಾನು ನಿಮಗೆ ಬಣ್ಣ ಹಚ್ಚುವವರು ಎಂದೆ. ತಪ್ಪಾಯಿತು, ಕಾಕಾ. ಹೌದು, 5.65 ಕೊಟ್ಟಾಗ ಚಿತ್ರದಲ್ಲಿ ಓಣಿ ಮುಳುಗಿತು. ಮೇಲಿನಿಂದ ಹಳ್ಳದ ಪೂರ, ಕೆಳಗಿನಿಂದ ಹೊಳೆಯ ನೀರು, ನಡುವೆ ರಸ್ತೆಯ ಏರಿ. ಮೂವತ್ತೊಂದು ಮನೆಗಳಲ್ಲಿ ಸೊಂಟದ ಮಟ್ಟ.

ಒಂದು ಮಾತು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ಅಪ್ಪ ಎಂದೂ ಇನ್ನೊಮ್ಮೆ ಅಳೆಯದೆ ಬಿಡುವವರಲ್ಲ. ಬಾದಾಮಿಯ ಮನೆಯಲ್ಲಿ ಅವರ ಟ್ರಂಕು ಇದೆ. ಹೋಗಿ ತೆಗೆದು ನೋಡುತ್ತೇನೆ.

ತಲೆ ತಗ್ಗಿಸಿ,
ಶಿವಗಂಗಾ

*

ಕರಿಹಾಳ
6 ಅಕ್ಟೋಬರ್ 2025

ಶಿವಗಂಗಾ,

ನಾನಿಲ್ಲದ ದಿನ ಹುಡುಕಿ ಬಂದದ್ದು ಆ ದಿನವೇ ಗೊತ್ತಾಯಿತು. ಬಸ್ಸಿನಿಂದ ಇಳಿಯುತ್ತಲೇ ಮೂರು ಮಂದಿ ಹೇಳಿದರು. ಸಿಟ್ಟು ಬಂತು, ಆಮೇಲೆ ಹೋಯಿತು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಆ ಟ್ರಂಕು ತೆಗೆಯಬೇಡ. ನಿನಗೆ ಅಂಕಿ ಬೇಕಿತ್ತು, ಸಿಕ್ಕಿದೆ. ಹಾಕು, ಓಣಿ ಉಳಿಸು, ಅಷ್ಟಕ್ಕೆ ಬಿಡು. ಹೋದವರ ಪೆಟ್ಟಿಗೆಯಲ್ಲಿ ಕೈಹಾಕಿ ಯಾರಿಗೂ ಸುಖ ಬಂದಿಲ್ಲ. ನಿಮ್ಮ ತಾಯಿಯವರು ಇನ್ನೂ ಇದ್ದಾರೆ ಎಂಬುದನ್ನು ನೆನಪಿಡು.

ಅಂಚೆಯಲ್ಲಿ ಇನ್ನು ಮುಂದೆ ರಿಜಿಸ್ಟರ್ ಇಲ್ಲವಂತೆ, ಅದನ್ನೂ ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರಂತೆ. ಇದರ ಹಿಂದೆ ಏನಿದೆಯೋ ನೋಡಬೇಕು.

ಕಾಕಾ ಎಂದರೆ ನನ್ನ ತಕರಾರಿಲ್ಲ,
ಅಮಸಿದ್ದಪ್ಪ
(ಪ್ರತಿ ಇದೆ.)

*

ಬಾದಾಮಿ
26 ಅಕ್ಟೋಬರ್ 2025

ಕಾಕಾ,

ನಿಮ್ಮ ಪತ್ರ ಓದಿದ ಮೇಲೆ ಟ್ರಂಕು ತೆಗೆಯದೆ ಇರಲಾಗಲಿಲ್ಲ. ‘ತೆಗೆಯಬೇಡ’ ಎನ್ನುವವರಿಗೆ ಒಳಗೆ ಏನಿದೆ ಎಂಬ ಅಂದಾಜು ಇರುತ್ತದೆ. ಸಂಶಯಪಡುವುದನ್ನು ನೀವೇ ನನಗೆ ಕಲಿಸಿದ್ದು.

ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದರು. “ಬ್ಯಾಡ ಶಿವಗಂಗಾ. ಅದರಾಗ ಏನೈತಿ ನನಗ ಗೊತ್ತಿಲ್ಲ. ಆದರ ನಿಮ್ಮಪ್ಪಾರು ಅದನ್ನ ತಗದ ದಿನಾ ಊಟಾ ಮಾಡ್ತಿರಲಿಲ್ಲ,” ಅಂದರು.

ಸ್ಥಳದಲ್ಲೇ ಅಳತೆ ಬರೆದುಕೊಳ್ಳುವ, ಹಸಿರು ರಟ್ಟಿನ ಕ್ಷೇತ್ರ ಪುಸ್ತಕ. ಅಪ್ಪನ ಅಕ್ಷರ. ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: “13-10-2009. ಕರಿಹಾಳ, ಬೀರಪ್ಪನ ಗುಡಿ. ಒಬ್ಬನೇ ಹೋಗಿದ್ದೆ. ಗೋಡೆಯ ಮೇಲೆ ಕೆಸರಿನ ಗೆರೆ, ಅರಿಶಿನದ ಗುರುತು, ಎರಡೂ ಒಂದೇ ಮಟ್ಟ. 5.64. ಅಮಸಿದ್ದಪ್ಪ ಓದಿದ್ದು ಸರಿ.”

ಅದರ ಹಿಂದೆ ಮೇಲಧಿಕಾರಿಗೆ ಬರೆದ ಪತ್ರದ ಕರಡು ಇದೆ. ಅಂಕಿಯನ್ನು ಮತ್ತೆ ಸೇರಿಸಬೇಕು, ನೌಕರನ ಮೇಲಿನ ಕ್ರಮ ಹಿಂದೆ ಪಡೆಯಬೇಕು ಎಂದು. ಒಂದಲ್ಲ, ನಾಲ್ಕು ಕರಡು. ನಾಲ್ಕರಲ್ಲೂ ‘ನನ್ನಿಂದ’ ಎಂಬಲ್ಲಿಗೆ ಸಾಲು ನಿಂತಿದೆ. ಯಾವುದನ್ನೂ ಕಳಿಸಿಲ್ಲ.

ನಾನು ತಂದೆಯನ್ನು ತಪ್ಪು ಮಾಡಿದವರೆಂದು ಒಪ್ಪಬಲ್ಲೆ. ಗೊತ್ತಿದ್ದೂ ಸುಮ್ಮನಿದ್ದರು ಎಂಬುದನ್ನು ನುಂಗಲು ಆಗುತ್ತಿಲ್ಲ. ಎರಡು ದಿನ ಅವ್ವನಿಗೆ ಹೇಳಲಿಲ್ಲ. ಹೇಳಿದ ಮೇಲೆ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಅಪ್ಪನನ್ನು ಹೊರಗಿಟ್ಟು ಬರೀ ಗುಡಿಯ ಗುರುತು ತೋರಿಸಬಹುದಿತ್ತು. ಆದರೆ ಸೇತುವೆಯ ನಕ್ಷೆ ಪರಿಶೀಲಿಸುವ ಸಮಿತಿಯವರು ಅರಿಶಿನ ನೋಡಿ ನಾನು ಅಂದದ್ದನ್ನೇ ಅನ್ನುತ್ತಾರೆ. ಆಗಿನ ದಿನಗಳಲ್ಲೇ ಒಬ್ಬ ಇಂಜಿನಿಯರ್ ದುರ್ಬೀನಿಟ್ಟು ಬರೆದ ಪುಟವನ್ನು ಅವರು ಅಲ್ಲಗಳೆಯಲಾರರು. ಪುಟದ ನಕಲನ್ನು ಅವರಿಗೆ ಕೊಡುವ ವರದಿಗೆ ಹಚ್ಚಿದೆ. ನಾಲ್ಕು ಕರಡುಗಳನ್ನು ಹಚ್ಚಲಿಲ್ಲ, ಅವು ನಿಮ್ಮವು, ಇದರೊಳಗೆ ಇಟ್ಟಿದ್ದೇನೆ. ಹೊಸ ವರದಿಯಲ್ಲಿ ಒಂದು ಸಾಲು ಹೀಗಿದೆ:

“ಕೆಳ ಅಂಚಿನ ನೀರಿನ ಮಟ್ಟ: 5.65 ಮೀಟರ್. ಓದಿದವರು: ಅಮಸಿದ್ದಪ್ಪ, ಮಾಪಕ ವೀಕ್ಷಕರು. ತಾಳೆ ನೋಡಿದವರು: ಅಂದಾನಪ್ಪ, ಕಿರಿಯ ಇಂಜಿನಿಯರ್.”

ಕ್ರಮ ಕೈಗೊಂಡವರು ಯಾರು ಎಂಬುದು ಇಲಾಖೆಯ ಕಡತದಲ್ಲಿದೆ. ಎರಡನ್ನೂ ಎದುರಿಗಿಟ್ಟು ಓದಿದವರಿಗೆ ಎಲ್ಲ ತಿಳಿಯುತ್ತದೆ. ತಿಳಿಯಲಿ.

ಖರೇ ಮನುಷ್ಯನ ಮಗಳು ಎಂದು ಇನ್ನು ಬರೆದುಕೊಳ್ಳಲಾಗದ,
ಶಿವಗಂಗಾ

*

ಕರಿಹಾಳ
23 ನವೆಂಬರ್ 2025

ತಂಗಿ ಶಿವಗಂಗಾ,

ನಿನ್ನೆ ಸೇತುವೆಯವರು ಬಂದು ಬಯಲಿನಲ್ಲಿ ಹಳೆಯ ಗೂಟ ಕಿತ್ತು ಹೊಸ ಗೂಟ ಬಡಿದರು. ಏರಿ ಇಲ್ಲವಂತೆ, ಬಯಲಿನುದ್ದಕ್ಕೂ ಕಂಬದ ಮೇಲೆ ರಸ್ತೆಯಂತೆ, ಕೆಳಗೆ ನೀರು ಹರಡಿಕೊಳ್ಳಲು ಜಾಗ ಬಿಡುತ್ತಾರಂತೆ. ಗೂಟ ಬಡಿದದ್ದನ್ನು ನಾನು ಎಣಿಸಿದ್ದೇನೆ. ಕಂಬ ಎದ್ದಾಗ ಮತ್ತೆ ಎಣಿಸುತ್ತೇನೆ. ಗುಲಾಬಬಿಗೆ ಸುದ್ದಿ ಹೇಳಿದೆ. “ಹಂಗಾರ ನನ್ನ ಹೊರೂದು ತಪ್ಪಿತು ನಿಮಗ,” ಅಂದಳು.

ನಿನಗೆ ಒಂದು ಮಾತು ಹೇಳಬೇಕು. ಟ್ರಂಕು ತೆಗೆಯಬೇಡ ಎಂದೆನಲ್ಲ, ನಿನ್ನ ಅಂದಾಜು ಖರೆ.

ಪುಸ್ತಕದಲ್ಲಿ ಬರೆದ ಆ ದಿನ ನಿಮ್ಮ ಅಪ್ಪ ಒಬ್ಬರೇ ಬಂದಿದ್ದರು. ಜೀಪನ್ನು ಊರ ಹೊರಗೇ ಬಿಟ್ಟು, ದುರ್ಬೀನಿನ ಮೂರು ಕಾಲನ್ನು ಹೆಗಲ ಮೇಲೆ ಹೊತ್ತು ನಡೆದು ಬಂದರು. ನಾನು ಜಾಲಿಯ ಮರೆಯಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದೆ. ಅಳತೆ ಪಟ್ಟಿಯನ್ನು ಗೋಡೆಗೆ ಆನಿಸಿಡಲು ಅವರಿಗೆ ಇನ್ನೊಂದು ಕೈ ಬೇಕಿತ್ತು. ಇಟ್ಟು ಬರುತ್ತಿದ್ದರು, ಅದು ಬೀಳುತ್ತಿತ್ತು, ಮತ್ತೆ ಹೋಗಿ ನಿಲ್ಲಿಸುತ್ತಿದ್ದರು. ನಾಲ್ಕು ಸಲ ಬಿತ್ತು. ಅಳತೆ ಮುಗಿಸಿ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರು. ನಮ್ಮ ಮನೆಯ ಹಾದಿ ಹಿಡಿದು ಅರ್ಧ ಬಂದು ತಿರುಗಿಹೋದರು.

ನಾನು ಕೂಗಬಹುದಿತ್ತು. ‘ಪಟ್ಟಿ ನಾ ಹಿಡೀತೇನ್ರಿ ಸಾಹೇಬ್ರ’ ಅಂದಿದ್ದರೆ ಅಷ್ಟರಲ್ಲೇ ಎಲ್ಲ ಮುಗಿಯುತ್ತಿತ್ತು. ಅನ್ನಲಿಲ್ಲ. ತಪ್ಪು ಅವರದು, ಅವರೇ ಬರಲಿ ಎಂದು ಹಟ ಹಿಡಿದೆ. ದಿನಾ ಟಪಾಲಿನ ಹಾದಿ ಕಾದೆ. ಅವರು ತೀರಿಕೊಂಡ ಸುದ್ದಿ ಬಂದ ದಿನವೂ ಮೊದಲು ನೆನಪಾದದ್ದು ಬಾರದ ಆ ಪತ್ರ. ಆಮೇಲೆ ಅಳು ಬಂತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನೀನು ಕಳಿಸಿದ ನಾಲ್ಕು ಕರಡು ಓದಿದೆ. ಸೋಮವ್ವನಿಗೂ ಓದಿ ಹೇಳಿದೆ. ‘ನನ್ನಿಂದ’ ಎಂಬಲ್ಲಿ ನಿಂತ ಸಾಲನ್ನು ಯಾರೂ ಮುಗಿಸುವುದು ಬೇಡ. ನನಗೆ ತಿಳಿಯಿತು. ನಿಮ್ಮ ತಾಯಿಯವರಿಗೆ ಇದನ್ನು ಓದಿ ಹೇಳು: ನಾಲ್ಕು ಸಲ ಬಿದ್ದ ಪಟ್ಟಿಯನ್ನು ಐದನೆಯ ಸಲ ನಿಲ್ಲಿಸಿದವರು ಅವರು. ಸುಳ್ಳ ಮನುಷ್ಯ ಆಗಿದ್ದರೆ ಅಳೆಯಲು ಬರುತ್ತಲೇ ಇರಲಿಲ್ಲ.

ಈ ದೀಪಾವಳಿಗೂ ಸುಣ್ಣ ಹಚ್ಚಿದರು, ನಾನು ಅಂಗೈ ಇಟ್ಟು ನಿಂತೆ. ಮೊದಲಿನ ಹಾಗೆ ನಿಲ್ಲಲಾಗುವುದಿಲ್ಲ, ಹೆಗಲು ನಡುಗುತ್ತದೆ. ಆ ನೀರನ್ನು ಕಂಡವರು ಇಡಬೇಕೆಂಬುದು ರೂಢಿ. ನಾನು ನೀರಿನಲ್ಲೇ ಕಂಡೆ, ನಿಮ್ಮ ಅಪ್ಪ ಗೋಡೆಯ ಗೆರೆಯಲ್ಲಿ ಕಂಡರು, ನನ್ನ ಲೆಕ್ಕದಲ್ಲಿ ಕಂಡವರು ನಾವಿಬ್ಬರು. ಬರುವ ವರ್ಷ ಅವರ ಪಾಲಿನ ಕೈ ನೀನು ಇಡಬೇಕು. ತಾಯಿಯವರನ್ನೂ ಕರೆದುಕೊಂಡು ಬಾ. ನಾನು ಊರಲ್ಲಿ ಇರುವ ದಿನವೇ ಬಾ.

ನಿನ್ನ ಕಾಕಾ,
ಅಮಸಿದ್ದಪ್ಪ

(ಈ ಪತ್ರಕ್ಕೆ ಕಾರ್ಬನ್ ಇಟ್ಟಿಲ್ಲ.)